ತಾಯಿ ಫಾರ್ಮಿನ ಟೂಲ್‌ಬಾರಿಗೆ ಬೀಗ ಏಕೆ?

ವಿದ್ಯಾರ್ಥಿ ಮಿತ್ರರೇ, ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಒಂದು ತಂತ್ರಾಂಶ ಬರೆದುಕೊಡುವ ಪ್ರಾಜೆಕ್ಟು ನಿಮ್ಮ ಪಾಲಿಗೆ ಬಂದಿದೆ ಎಂದಿಟ್ಟುಕೊಳ್ಳೋಣ. ಪುಸ್ತಕಗಳಿಗೊಂದು ಫಾರ್ಮು, ಸದಸ್ಯರಿಗೊಂದು, ಎರವಲಿಗೊಂದು, ದಂಡದ ಲೆಕ್ಕಕ್ಕೊಂದು, ಹೀಗೆ ಹತ್ತು ಹನ್ನೆರಡು ಫಾರ್ಮುಗಳು ಬೇಕು. ಎಲ್ಲದರ ನೆತ್ತಿಯ ಮೇಲೂ ಅದೇ ಟೂಲ್‌ಬಾರ್, ಅವೇ ನಾಲ್ಕು ಗುಂಡಿಗಳು: ಹೊಸದು, ಉಳಿಸು, ಅಳಿಸು, ಮುಚ್ಚು. ಇದನ್ನು ಹನ್ನೆರಡು ಸಲ ಎಳೆದು ಕೂರಿಸುವ ಬದಲು ಒಂದೇ ಒಂದು ತಾಯಿ ಫಾರ್ಮು ಮಾಡಿ, ಉಳಿದವು ಅದರ ಮಕ್ಕಳು ಎಂದು ಹೇಳಿಬಿಟ್ಟರೆ ಹೇಗೆ?

ಹಾಗೆ ಹೇಳಬಹುದು. ಅದಕ್ಕೆ ದೃಶ್ಯ ಆನುವಂಶಿಕತೆ ಎನ್ನುತ್ತಾರೆ. 1996ರಲ್ಲಿ ಬಂದ ಡೆಲ್ಫಿ 2ರಲ್ಲಿ ಈ ಸೌಲಭ್ಯವಿತ್ತು. 1998ರ ವಿಷುಯಲ್ ಬೇಸಿಕ್ 6ರಲ್ಲಿ ಇರಲಿಲ್ಲ. 2002ರಲ್ಲಿ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಬಂದಾಗ, ಅದರೊಂದಿಗಿದ್ದ ವಿಂಡೋಸ್ ಫಾರ್ಮ್ಸ್ ಮೂಲಕ ವಿಷುಯಲ್ ಬೇಸಿಕ್ ಬಳಗಕ್ಕೂ ಇದು ದಕ್ಕಿತು. ತಾಯಿಯ ಬಣ್ಣ ಬದಲಿಸಿ ಪ್ರಾಜೆಕ್ಟನ್ನು ಮತ್ತೆ ಬಿಲ್ಡ್ ಮಾಡಿದರೆ ಮಕ್ಕಳೆಲ್ಲರ ಬಣ್ಣವೂ ಬದಲಾಗುತ್ತದೆ. ಮೊದಲ ಸಲ ನೋಡುವವರಿಗೆ ಇದು ಮಾಯೆಯಂತೆಯೇ ಕಾಣುತ್ತದೆ.

ತೊಡಕು ಶುರುವಾಗುವುದು ಸದಸ್ಯರ ಫಾರ್ಮಿನಲ್ಲಿ. ಅಲ್ಲಿ ‘ಉಳಿಸು’ ಮತ್ತು ‘ಅಳಿಸು’ ಗುಂಡಿಗಳ ನಡುವೆ ‘ಮುದ್ರಿಸು’ ಎಂಬ ಇನ್ನೊಂದು ಗುಂಡಿ ಬೇಕು. ಮಗು ಫಾರ್ಮನ್ನು ತೆರೆದು ಟೂಲ್‌ಬಾರಿನ ಮೇಲೆ ಕ್ಲಿಕ್ ಮಾಡುತ್ತೀರಿ. ಗುಣಲಕ್ಷಣಗಳ ಪಟ್ಟಿಯೆಲ್ಲ ಬೂದುಬಣ್ಣಕ್ಕೆ ತಿರುಗಿದೆ, ಏನನ್ನೂ ಮುಟ್ಟಲಾಗದು.

ಸಿ ಶಾರ್ಪ್ ಬಲ್ಲವರು ಕೂಡಲೇ ಹೇಳುತ್ತಾರೆ: ‘ಅದು ಪ್ರೈವೇಟ್ ಆಗಿದೆ, ತಾಯಿ ಫಾರ್ಮಿಗೆ ಹೋಗಿ ಮಾಡಿಫೈಯರ್ಸ್ ಎಂಬಲ್ಲಿ ಪ್ರೊಟೆಕ್ಟೆಡ್ ಮಾಡಿ.’ ಮಾತು ಸರಿಯೇ. ಸಾಮಾನ್ಯ ಗುಂಡಿ, ಪಠ್ಯ ಪೆಟ್ಟಿಗೆಗಳಿಗೆ ಇದರಿಂದ ಬೀಗ ತೆರೆಯುತ್ತದೆ. ಆದರೆ 2005ರಲ್ಲಿ ಡಾಟ್‌ನೆಟ್ 2.0 ಜೊತೆ ಬಂದ ಟೂಲ್‌ಸ್ಟ್ರಿಪ್ ಎಂಬ ಟೂಲ್‌ಬಾರಿಗೆ ಮಾತ್ರ ಬೀಗ ಹಾಗೆಯೇ ಉಳಿಯುತ್ತದೆ. ಬಳುವಳಿಯಾಗಿ ಬಂದ ಟೂಲ್‌ಸ್ಟ್ರಿಪ್ ಮಗುವಿನಲ್ಲಿ ನೋಡಲು ಮಾತ್ರ, ಮುಟ್ಟಲು ಅಲ್ಲ ಎಂದು ಅದರ ಡಿಸೈನರ್‌ನಲ್ಲೇ ಬರೆದಿಟ್ಟಿದ್ದಾರೆ. ಅದರ ಬಂಧುಗಳಾದ ಮೆನುಸ್ಟ್ರಿಪ್, ಸ್ಟೇಟಸ್‌ಸ್ಟ್ರಿಪ್‌ಗಳ ಪಾಡೂ ಇದೇ.

ಯಾಕೆ ಹೀಗೆ? ಇದಕ್ಕೆ ಮಗು ಫಾರ್ಮಿನ ಕಡತದಲ್ಲಿ ಏನು ಬರೆದಿರುತ್ತದೆ ಎಂದು ನೋಡಬೇಕು. ತಾಯಿಯಲ್ಲಿರುವುದನ್ನೆಲ್ಲ ಅದು ನಕಲು ಮಾಡಿಕೊಳ್ಳುವುದಿಲ್ಲ, ವ್ಯತ್ಯಾಸವನ್ನಷ್ಟೇ ಬರೆದುಕೊಳ್ಳುತ್ತದೆ. ಮೊದಲು ತಾಯಿಯ ಆದೇಶಗಳು ನಡೆಯುತ್ತವೆ, ಆಮೇಲೆ ಮಗುವಿನವು. ಗುಂಡಿಯ ಬಣ್ಣ ನೀಲಿ ಎಂದು ತಾಯಿ ಹೇಳಿದ್ದರೆ, ಹಸಿರು ಎಂದು ಮಗು ಹೇಳಿದರೆ ಸಾಕು. ಕೊನೆಯ ಮಾತೇ ನಿಲ್ಲುತ್ತದೆ. ಒಂದು ಬೆಲೆಯ ಜಾಗದಲ್ಲಿ ಇನ್ನೊಂದು ಬೆಲೆ, ವ್ಯವಹಾರ ಚೊಕ್ಕಟ.

ಟೂಲ್‌ಬಾರ್ ಎಂಬುದು ಒಂದು ಬೆಲೆಯಲ್ಲ, ಅದೊಂದು ಸಾಲು. ಸಾಲಿನಲ್ಲಿ ಯಾರಿದ್ದಾರೆ ಎಂಬುದಷ್ಟೇ ಅಲ್ಲ, ಯಾರ ಹಿಂದೆ ಯಾರು ಎಂಬುದೂ ಮುಖ್ಯ. ಡಿಸೈನರ್ ಬರೆಯುವುದು ‘ಇವಿಷ್ಟನ್ನು ಸೇರಿಸು’ ಎಂಬ ಒಂದೇ ಆದೇಶ. ಹಾಗೆ ಸೇರಿಸಿದವು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತವೆ. ನಡುವೆ ತೂರಿಸು, ಇದನ್ನು ಕಿತ್ತುಹಾಕು, ಅದನ್ನು ಮುಂದೆ ತಾ ಎಂಬುದಕ್ಕೆ ಆ ಆದೇಶದಲ್ಲಿ ಜಾಗವೇ ಇಲ್ಲ. ಇದ್ದಿದ್ದರೂ ‘2ನೇ ಸ್ಥಾನದಲ್ಲಿ ಮುದ್ರಿಸು’ ಎಂದು ಮಗು ಬರೆದಿಟ್ಟ ಮಾರನೆಯ ದಿನ, ತಾಯಿಯ ಮೊದಲಿಗೇ ‘ಹುಡುಕು’ ಎಂಬ ಹೊಸ ಗುಂಡಿ ಸೇರಿದರೆ? ಆಗ 2ನೇ ಸ್ಥಾನವೆಂದರೆ ಯಾವುದರ ಪಕ್ಕ?

ಸ್ಥಾನ ತಪ್ಪಿದರೆ ನೋಟ ಕೆಡುತ್ತದೆ, ಅಷ್ಟೇ ತಾನೇ ಎನ್ನಬೇಡಿ. ಟೂಲ್‌ಸ್ಟ್ರಿಪ್‌ಗೂ ಮುಂಚೆ ಇದ್ದ ಹಳೆಯ ಟೂಲ್‌ಬಾರ್‌ನಲ್ಲಿ ಎಲ್ಲ ಗುಂಡಿಗಳಿಗೂ ಸೇರಿ ಒಂದೇ ಕ್ಲಿಕ್ ಘಟನೆ ಇತ್ತು. ಒತ್ತಿದ್ದು ಎಷ್ಟನೆಯದು ಎಂದು ಎಣಿಸಿ, 0 ಆದರೆ ಹೊಸದು, 1 ಆದರೆ ಉಳಿಸು, 2 ಆದರೆ ಅಳಿಸು ಎಂದು ಬರೆಯುವುದು ರೂಢಿ. ಹೀಗೆ ಬರೆದ ತಾಯಿಯ ಸಾಲಿನಲ್ಲಿ ಮಗು ‘ಮುದ್ರಿಸು’ವನ್ನು 2ನೇ ಸ್ಥಾನಕ್ಕೆ ತೂರಿಸಿದರೆ ಏನಾಗುತ್ತದೆ ನೋಡಿ. ಸದಸ್ಯನಿಗೆ ಒಂದು ರಸೀತಿ ಕೊಡೋಣವೆಂದು ಗ್ರಂಥಪಾಲಕರು ‘ಮುದ್ರಿಸು’ ಒತ್ತುತ್ತಾರೆ. ಎದುರಿಗೆ ನಿಂತ ಸದಸ್ಯನ ದಾಖಲೆಯೇ ಅಳಿಸಿಹೋಗುತ್ತದೆ! ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿರುವುದಿಲ್ಲ, ಏಕೆಂದರೆ ವ್ಯಾಕರಣದ ತಪ್ಪೇನೂ ಅಲ್ಲಿಲ್ಲ. ಬೂದುಬಣ್ಣದ ಬೀಗ ಬೇಸರ ತರಿಸಿದರೂ ಇದಕ್ಕಿಂತ ಎಷ್ಟೋ ವಾಸಿ ಎಂಬುದು ನನ್ನ ಅಭಿಪ್ರಾಯ.

ನಮ್ಮ ಸ್ಟುಡಿಯೋದಲ್ಲಿ ಕಾರ್ಯಕ್ರಮದ ಕ್ಯೂ ಶೀಟ್ ಬರೆಯುವಾಗ ‘3ನೆಯದಾದ ಮೇಲೆ ಸಂಗೀತ’ ಎಂದು ಬರೆಯುವುದಿಲ್ಲ, ‘ಸಂದರ್ಶನ ಮುಗಿದ ಮೇಲೆ ಸಂಗೀತ’ ಎಂದೇ ಬರೆಯುತ್ತೇವೆ. ಕೊನೆ ಗಳಿಗೆಯಲ್ಲಿ ಇನ್ನೊಂದು ಅಂಶ ಸೇರಿದರೂ ಆ ಸಾಲು ಸುಳ್ಳಾಗುವುದಿಲ್ಲ. ಟೂಲ್‌ಸ್ಟ್ರಿಪ್‌ಗೂ ಇದೇ ಉಪಾಯ ನಡೆಯುತ್ತದೆ. ಬೀಗವಿರುವುದು ಡಿಸೈನರ್‌ನಲ್ಲಿ ಮಾತ್ರ. ಪ್ರೊಗ್ರಾಂ ಓಡುವಾಗ ಪ್ರೊಟೆಕ್ಟೆಡ್ ಟೂಲ್‌ಸ್ಟ್ರಿಪ್ ಮಗುವಿನ ಕೈಗೆ ಸಿಗುತ್ತದೆ. ಮಗುವಿನ ಕನ್‌ಸ್ಟ್ರಕ್ಟರ್‌ನಲ್ಲಿ, ಇನಿಶಿಯಲೈಸ್ ಕಾಂಪೊನೆಂಟ್ ಎಂಬ ಸಾಲಿನ ನಂತರ, ‘ಅಳಿಸು’ ಗುಂಡಿ ಎಲ್ಲಿದೆ ಎಂದು ಇಂಡೆಕ್ಸ್‌ಆಫ್ ಮೂಲಕ ಕೇಳಿ, ಸಿಕ್ಕ ಸ್ಥಾನಕ್ಕೆ ಇನ್ಸರ್ಟ್ ಮೂಲಕ ‘ಮುದ್ರಿಸು’ವನ್ನು ಇಡಿ. ‘ಅಳಿಸು’ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಡುತ್ತದೆ. (‘ಅಳಿಸು’ ಗುಂಡಿಯೂ ಪ್ರೊಟೆಕ್ಟೆಡ್ ಆಗಿರಬೇಕು, ಮರೆಯಬೇಡಿ.) ಟೂಲ್‌ಸ್ಟ್ರಿಪ್‌ನಲ್ಲಿ ಪ್ರತಿ ಗುಂಡಿಗೂ ತನ್ನದೇ ಕ್ಲಿಕ್ ಘಟನೆ ಇರುವುದರಿಂದ ಹಳೆಯ ಎಣಿಕೆಯ ಅಪಾಯವೂ ಇಲ್ಲ.

ಕೋಡ್ ಬರೆಯಲು ಮನಸ್ಸಿಲ್ಲ, ಗುಂಡಿಗಳನ್ನು ಕಣ್ಣಿಗೆ ಕಾಣುವಂತೆಯೇ ಜೋಡಿಸಬೇಕು ಎನ್ನುವವರಿಗೆ ಇನ್ನೊಂದು ದಾರಿಯಿದೆ. ಮಗು ಫಾರ್ಮಿನಲ್ಲಿ ತನ್ನದೇ ಆದ ಎರಡನೆಯ ಟೂಲ್‌ಸ್ಟ್ರಿಪ್ ಇಡಿ. ಅದು ಮಗುವಿನದೇ ಆದ್ದರಿಂದ ಬೀಗವಿಲ್ಲ. ಓಡುವಾಗ ಟೂಲ್‌ಸ್ಟ್ರಿಪ್ ಮ್ಯಾನೇಜರ್‌ನ ಮರ್ಜ್ ಎಂಬ ವಿಧಾನ ಅದರ ಗುಂಡಿಗಳನ್ನು ತಾಯಿಯ ಪಟ್ಟಿಗೆ ಸಾಗಿಸುತ್ತದೆ. ಬರಿದಾದ ಪಟ್ಟಿಯನ್ನು ಮರೆಮಾಡಿದರಾಯಿತು. ಯಾವ ಗುಂಡಿ ಎಲ್ಲಿಗೆ ಹೋಗಬೇಕು ಎಂಬುದನ್ನು ಮರ್ಜ್ ಆಕ್ಷನ್, ಮರ್ಜ್ ಇಂಡೆಕ್ಸ್ ಎಂಬ ಎರಡು ಗುಣಗಳು ಹೇಳುತ್ತವೆ. ಆದರೆ ಗಮನಿಸಿದಿರಾ? ಮರ್ಜ್ ಇಂಡೆಕ್ಸ್ ಎಂಬುದು ಮತ್ತೆ ಅಂಕಿಯೇ. ತಾಯಿಯ ಸಾಲು ಬದಲಾದ ದಿನ ಅದನ್ನೂ ತಿದ್ದಬೇಕಾಗುತ್ತದೆ. ಹಾಗಾಗಿ ನನ್ನ ಒಲವು ಮೊದಲಿನ ದಾರಿಯ ಕಡೆಗೇ.

ಇನ್ನೊಂದು ಮಾತು. ಕೆಲವೊಮ್ಮೆ ಮಗು ಫಾರ್ಮು ಡಿಸೈನರ್‌ನಲ್ಲಿ ತೆರೆಯುವುದೇ ಇಲ್ಲ, ಬರೀ ತಪ್ಪಿನ ಸಂದೇಶ ಬರುತ್ತದೆ. ಆಗ ಮಗುವಿನಲ್ಲೇ ತಪ್ಪು ಹುಡುಕುತ್ತಾ ಕೂರಬೇಡಿ. ಮಗುವನ್ನು ತೋರಿಸಲು ಡಿಸೈನರ್ ತಾಯಿಯನ್ನು ನಿಜವಾಗಿಯೂ ಸೃಷ್ಟಿಸುತ್ತದೆ, ಅಂದರೆ ತಾಯಿಯ ಕನ್‌ಸ್ಟ್ರಕ್ಟರ್ ಓಡುತ್ತದೆ. ಅಲ್ಲಿ ನೀವು ಡೇಟಾಬೇಸಿಗೆ ಸಂಪರ್ಕ ಕೊಡುವ ಸಾಲು ಬರೆದಿದ್ದರೆ, ಚಿತ್ರ ಬಿಡಿಸುವ ಹೊತ್ತಿನಲ್ಲೇ ಅದು ಗ್ರಂಥಾಲಯದ ಸರ್ವರ್ ಹುಡುಕಿಕೊಂಡು ಹೊರಡುತ್ತದೆ! ಡಿಸೈನ್‌ಮೋಡ್ ಎಂಬ ಗುಣವನ್ನು ನೋಡಿ ತಪ್ಪಿಸೋಣವೆಂದರೆ, ಕನ್‌ಸ್ಟ್ರಕ್ಟರ್ ಒಳಗೆ ಅದು ಇನ್ನೂ ಇಲ್ಲ ಎಂದೇ ಉತ್ತರಿಸುತ್ತದೆ. ಆ ಸಾಲನ್ನು ಅಲ್ಲಿಂದ ತೆಗೆದು ಒಂದು ಬೇರೆ ವಿಧಾನದಲ್ಲಿಟ್ಟು, ಪ್ರೊಗ್ರಾಂ ಓಡುವಾಗ ಫಾರ್ಮನ್ನು ತೆರೆಯುವ ಕೋಡೇ ಅದನ್ನು ಕರೆಯುವಂತೆ ಮಾಡಿ.