ಕಾರ್ಯಾಚರಣ ವ್ಯವಸ್ಥೆಗಳಲ್ಲಿ ರಕ್ಷಣೆಯ ತಾರತಮ್ಯ

ಗಣಕಯಂತ್ರದ ಎಲ್ಲ ಕೆಲಸಗಳನ್ನೂ ಆಳುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಇವುಗಳಲ್ಲಿ ಯಾವುದು ಸುರಕ್ಷಿತವೆಂಬುದನ್ನು, ಬೆಳಕಿಗೆ ಬಂದ ದೋಷಗಳನ್ನೆಣಿಸಿ ನಿರ್ಣಯಿಸುವ ವಾಡಿಕೆಯುಂಟು. ಈ ಅಳತೆ ಸಾಲದು. ಹೆಚ್ಚು ಶೋಧನೆಗೆ ಒಳಗಾದ ವ್ಯವಸ್ಥೆಯಲ್ಲಿ ಹೆಚ್ಚು ದೋಷಗಳು ಕಾಣುವುದು ಸಹಜವಾಗಿದೆ.

ಯಾವ ವ್ಯವಸ್ಥೆಯೂ ಕೇಡಿನಿಂದ ಪಾರಾಗಿಲ್ಲ. ತಾನೇ ತಾನಾಗಿ ಹಬ್ಬುವ ಕೇಡಿನ ತಂತ್ರಾಂಶಗಳಲ್ಲಿ, 1988ರ ಮಾರಿಸ್ ವರ್ಮ್ ಯೂನಿಕ್ಸ್ ಯಂತ್ರಗಳನ್ನು ಹೊಕ್ಕಿತು. 2017ರ ಮೇ ತಿಂಗಳಿನ ವಾನಾಕ್ರೈ ವಿಂಡೋಸ್ ಯಂತ್ರಗಳನ್ನು ಹೊಕ್ಕಿತು. ಎರಡನೆಯದಕ್ಕೆ ಪರಿಹಾರವು ಮಾರ್ಚಿಯಲ್ಲೇ ದೊರೆತಿದ್ದರೂ ಅದನ್ನು ಅಳವಡಿಸದೆ ಇದ್ದ ಯಂತ್ರಗಳು ಕೆಟ್ಟುವು. ಇಂಗ್ಲೆಂಡಿನ ಹಲವು ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು.

ಆದುದರಿಂದ ಮುಖ್ಯವಾಗಿ ಪರ್ಯಾಲೋಚಿಸಬೇಕಾದುದು, ದೋಷವೊಂದು ಒದಗಿದಾಗ ಅದರ ಕೇಡು ಎಷ್ಟು ದೂರ ಹಬ್ಬಬಲ್ಲುದೆಂಬುದು. ವಿಂಡೋಸ್ 95ರಲ್ಲಿ ಬಳಕೆದಾರರ ಅಧಿಕಾರಗಳಿಗೆ ಭೇದವಿರಲಿಲ್ಲ. ದುಷ್ಟ ತಂತ್ರಾಂಶವೊಂದು ಒಳಹೊಕ್ಕರೆ ಯಂತ್ರವೆಲ್ಲ ಅದರ ವಶವಾಗುತ್ತಿದ್ದಿತು. 1993ರಲ್ಲಿಯೇ ಹೊರಬಂದಿದ್ದ ವಿಂಡೋಸ್ ಎನ್‌ಟಿಯಲ್ಲಾದರೋ ಯಾವ ಕಡತವನ್ನು ಯಾರು ಮುಟ್ಟಬಹುದೆಂಬ ಕಟ್ಟಳೆಯಿದ್ದಿತು. ಯೂನಿಕ್ಸಿನಲ್ಲಿಯೂ ಅಂತಹ ಕಟ್ಟಳೆಯುಂಟು. ಆದರೆ ‘ರೂಟ್’ ಎಂಬ ಒಬ್ಬನಿಗೆ ಸರ್ವಾಧಿಕಾರ. ಆ ಸ್ಥಾನವನ್ನು ಕಸಿದುಕೊಂಡವನಿಗೆ ಅಡ್ಡಿಯಿಲ್ಲ. ಲಿನಕ್ಸಿಗೆ 2003ರಲ್ಲಿ ಸೇರಿದ ಎಸ್‌ಇಲಿನಕ್ಸ್ ಆ ಅಧಿಕಾರಕ್ಕೂ ಮಿತಿಯನ್ನು ವಿಧಿಸಲು ಮಾರ್ಗವನ್ನು ಕಲ್ಪಿಸಿತು.

ಇನ್ನೊಂದು ಮಾರ್ಗವೆಂದರೆ, ಸರ್ವಾಧಿಕಾರದಿಂದ ನಡೆಯುವ ಭಾಗವನ್ನೇ ಕಿರಿದಾಗಿಸುವುದು. ಸುಮಾರು 8,700 ಸಾಲುಗಳ ಎಸ್‌ಇಎಲ್4 ತನ್ನ ಲಕ್ಷಣಕ್ಕೆ ಅನುಸಾರವಾಗಿಯೇ ನಡೆಯುವುದೆಂದು 2009ರಲ್ಲಿ ಗಣಿತರೀತಿಯಿಂದ ಸಾಧಿಸಲಾಯಿತು. ಯಂತ್ರಭಾಗವು ನಿರ್ದುಷ್ಟವಾಗಿದ್ದರೆ ಮಾತ್ರ ಈ ಸಾಧನೆ ನಿಲ್ಲುವುದು.

ಹೀಗೆ, ವ್ಯವಸ್ಥೆಯ ಹೆಸರಿಗಿಂತ ಅದರಲ್ಲಿನ ಅಧಿಕಾರವಿಭಾಗವೂ, ಪರಿಹಾರಗಳನ್ನು ಕಾಲಕ್ಕೆ ಸರಿಯಾಗಿ ಅಳವಡಿಸುವ ಎಚ್ಚರವೂ ರಕ್ಷಣೆಗೆ ಹೆಚ್ಚಿನ ಆಧಾರಗಳೆಂದು ತಿಳಿಯಬೇಕು.