ಬೆಸೆಂಟ್ ಪಾರ್ಕಿನ ಬೆಸೆಂಟ್ ಯಾರು?

ಯಲಹಂಕದ ಶಾಲೆಯಿಂದ ಗೈಡ್ಸ್ ಹುಡುಗಿಯರನ್ನು ಶಿಬಿರಕ್ಕೆಂದು ದೊಡ್ಡಬಳ್ಳಾಪುರಕ್ಕೆ ಕರೆದೊಯ್ದಾಗಲೆಲ್ಲ ಯಾರಾದರೊಬ್ಬಳು ಕೇಳಿಯೇ ಕೇಳುತ್ತಿದ್ದಳು: "ಬೆಸೆಂಟ್ ಅಂದ್ರೆ ಯಾರು ಮಿಸ್?" ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಆ ತರಬೇತಿ ಕೇಂದ್ರದ ಹೆಸರೇ ಡಾ. ಆನಿ ಬೆಸೆಂಟ್ ಪಾರ್ಕ್. ಕಾಂಗ್ರೆಸ್ಸಿನ ಮೊದಲ ಮಹಿಳಾ ಅಧ್ಯಕ್ಷೆ, ಹೋಂ ರೂಲ್ ಚಳವಳಿಯ ನಾಯಕಿ ಎಂದು ಪಠ್ಯಪುಸ್ತಕ ಎರಡು ಸಾಲಿನಲ್ಲಿ ಮುಗಿಸುತ್ತದೆ. ಕಣ್ಣಿಗೆ ಕಾಣದ ಲೋಕದ ಜೊತೆ ತನಗೆ ಸಂಪರ್ಕವಿದೆ ಎಂದು ನಂಬಿದ್ದ ಹೆಂಗಸು ಆಕೆ ಎಂಬುದನ್ನು ಅದು ಹೇಳುವುದಿಲ್ಲ. ಆ ನಂಬಿಕೆಯನ್ನು ಬಿಟ್ಟು ಬೆಸೆಂಟರ ಕಥೆ ಹೇಳಿದರೆ ಅರ್ಧವನ್ನೇ ಹೇಳಿದ ಹಾಗೆ.

ಹುಟ್ಟಿದ್ದು 1847ರಲ್ಲಿ, ಲಂಡನ್ನಿನಲ್ಲಿ. ಇಪ್ಪತ್ತು ತುಂಬುವ ಹೊತ್ತಿಗೆ ಫ್ರಾಂಕ್ ಬೆಸೆಂಟ್ ಎಂಬ ಪಾದ್ರಿಯ ಜೊತೆ ಮದುವೆ. ಕ್ರೈಸ್ತ ಧರ್ಮದ ಮೇಲೆ ನಂಬಿಕೆ ಹೋಯಿತು, 1873ರಲ್ಲಿ ಸಂಸಾರವೂ ಮುರಿಯಿತು. ಗಂಡ ಹೆಂಡತಿ ಎಷ್ಟು ಮಕ್ಕಳು ಬೇಕೆಂದು ತಾವೇ ನಿರ್ಧರಿಸಬಹುದು ಎನ್ನುವ ಪುಸ್ತಕವೊಂದನ್ನು ನಾಸ್ತಿಕ ನಾಯಕ ಚಾರ್ಲ್ಸ್ ಬ್ರಾಡ್ಲಾ ಜೊತೆ ಸೇರಿ ಪ್ರಕಟಿಸಿದ್ದಕ್ಕೆ 1877ರಲ್ಲಿ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಮರುವರ್ಷ ನ್ಯಾಯಾಲಯ ಮಗಳು ಮೇಬಲ್‌ಳನ್ನು ತಾಯಿಯ ಮಡಿಲಿನಿಂದ ತೆಗೆದು ತಂದೆಗೆ ಒಪ್ಪಿಸಿತು. ದೇವರನ್ನು ನಂಬದವಳ ಕೈಯಲ್ಲಿ ಮಗು ಬೆಳೆಯಬಾರದು ಎಂಬುದು ಆ ಕಾಲದ ನ್ಯಾಯ.

1888ರಲ್ಲಿ ಬ್ರಯಂಟ್ ಅಂಡ್ ಮೇ ಬೆಂಕಿಕಡ್ಡಿ ಕಾರ್ಖಾನೆಯ ಹುಡುಗಿಯರು ಕೆಲಸ ನಿಲ್ಲಿಸಿದಾಗ ಅವರ ಪರವಾಗಿ ನಿಂತವರು ಇದೇ ಬೆಸೆಂಟ್. ಅದೇ ವರ್ಷ ಲಂಡನ್ ಶಾಲಾ ಮಂಡಳಿಗೆ ಆಯ್ಕೆಯಾಗಿ, ಹಸಿದು ಬರುವ ಮಕ್ಕಳಿಗೆ ಶಾಲೆಯಲ್ಲೇ ಉಚಿತ ಊಟ ಕೊಡಬೇಕೆಂದು ಹಟ ಹಿಡಿದರು. ಬಿಸಿಯೂಟ ಬಂದ ಮೇಲೆ ಹಾಜರಿ ಪುಸ್ತಕ ಹೇಗೆ ತುಂಬಿತು ಎಂದು ಕಂಡ ನನ್ನಂಥ ಮೇಡಂಗಳಿಗೆ ಆ ಹಟ ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟಾಗುವ ಹೊತ್ತಿಗೆ ಯೂರೋಪು, ಅಮೆರಿಕಗಳಲ್ಲಿ ಸತ್ತವರ ಜೊತೆ ಮಾತಾಡುವ ಹುಚ್ಚು ಹಬ್ಬಿತ್ತು. ನಮ್ಮಲ್ಲಿ ದೇವರು ಮೈಮೇಲೆ ಬರುವುದು, ಕರಾವಳಿಯಲ್ಲಿ ಪಾತ್ರಿಯ ಬಾಯಲ್ಲಿ ದೈವ ನುಡಿ ಕೊಡುವುದು ಹೊಸದಲ್ಲ. ಅಲ್ಲಿ ಅದು ಮೇಜಿನ ಸುತ್ತ ಕೂತ ಮಧ್ಯಮವರ್ಗದ ಮನೆಗಳ ಸಂಗತಿಯಾಯಿತು. 1848ರಲ್ಲಿ ನ್ಯೂಯಾರ್ಕ್ ಸೀಮೆಯ ಫಾಕ್ಸ್ ಸೋದರಿಯರಿಂದ ಆರಂಭವಾದ ಈ ಅಲೆಗೆ ಫ್ರಾನ್ಸಿನಲ್ಲಿ ಅಲನ್ ಕಾರ್ಡೆಕ್ ಎಂಬ ಮೇಷ್ಟ್ರು 1857ರಲ್ಲಿ ಗ್ರಂಥರೂಪ ಕೊಟ್ಟ. ಅವನ ಪಂಥ ಗಟ್ಟಿಯಾಗಿ ಬೇರೂರಿದ್ದು ಬ್ರೆಜಿಲ್‌ನಲ್ಲಿ. 2025ರ ಮೇ ತಿಂಗಳಲ್ಲಿ ತಮ್ಮ 98ನೇ ವಯಸ್ಸಿನಲ್ಲಿ ತೀರಿಕೊಂಡ ಅಲ್ಲಿನ ದಿವಾಲ್ಡೊ ಫ್ರಾಂಕೊ ಆತ್ಮಗಳ ಮಾತನ್ನು ಬರೆದುಕೊಳ್ಳುವ ಮಾಧ್ಯಮ ಎಂದೇ ಹೆಸರಾದವರು. ಸಾಲ್ವಡೋರ್ ನಗರದಲ್ಲಿ 1952ರಿಂದ ಅನಾಥ ಮಕ್ಕಳಿಗೆ ಮನೆ, ಶಾಲೆ ಕಟ್ಟಿದವರೂ ಅವರೇ. ಕಾಣದ ಲೋಕದ ನಂಬಿಕೆ, ಕಾಣುವ ಮಕ್ಕಳ ಸೇವೆ. ಇವೆರಡೂ ಒಬ್ಬರಲ್ಲೇ ಸೇರಿದ್ದನ್ನು ನಾವು ಬೆಸೆಂಟರಲ್ಲೂ ಕಾಣುತ್ತೇವೆ.

1889ರಲ್ಲಿ, ಮುಳುಗು ಹೊತ್ತಿನಲ್ಲಿ ಒಬ್ಬರೇ ಕೂತಿದ್ದಾಗ, ಬೆಳಕು ಹತ್ತಿರವಿದೆ, ಧೈರ್ಯ ತಂದುಕೋ ಎಂಬ ಅರ್ಥದ ದನಿಯೊಂದು ಕೇಳಿಸಿತೆಂದು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಸ್ವಲ್ಪ ದಿನಕ್ಕೇ ಮೇಡಂ ಬ್ಲಾವಟ್‌ಸ್ಕಿಯ ದಪ್ಪ ಗ್ರಂಥವೊಂದು ವಿಮರ್ಶೆಗೆಂದು ಕೈಗೆ ಬಂತು. ಬ್ಲಾವಟ್‌ಸ್ಕಿ ಪ್ರಸಿದ್ಧ ಮಾಧ್ಯಮ, ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಸ್ಥಾಪಕಿ. ಆಕೆಯದೆಲ್ಲ ಮೋಸ ಎಂದು ಲಂಡನ್ನಿನ ಮನೋಗೂಢ ಸಂಶೋಧನಾ ಸಂಘ 1885ರಲ್ಲಿ ವರದಿ ಕೊಟ್ಟಿತ್ತು. ಬೆಸೆಂಟ್ ಭೇಟಿಗೆ ಹೋದಾಗ, ಮೊದಲು ಆ ವರದಿ ಓದಿ ಬಾ ಎಂದು ಬ್ಲಾವಟ್‌ಸ್ಕಿಯೇ ಹೇಳಿದರು. ಬೆಸೆಂಟ್ ಓದಿದರು, ಒಪ್ಪಲಿಲ್ಲ, ಬಂದು ಶಿಷ್ಯೆಯಾದರು. ಹಳೆಯ ನಾಸ್ತಿಕ ಗೆಳೆಯರಿಗೆ ಸಿಡಿಲು ಬಡಿದಂತಾಯಿತು.

ಅದೃಶ್ಯ ಗುರುಗಳ ಮಾರ್ಗದರ್ಶನ, ದಿವ್ಯದೃಷ್ಟಿ ಎಲ್ಲ ಅಲ್ಲಿಂದಾಚೆಯ ಮಾತು. ಸಹಚರ ಲೆಡ್‌ಬೀಟರ್ ಜೊತೆ ಕೂತು ಒಳಗಣ್ಣಿನಿಂದ ಪರಮಾಣುಗಳನ್ನು ನೋಡಿದೆವು ಎಂದು 1908ರಲ್ಲಿ ಪುಸ್ತಕವನ್ನೇ ತಂದರು. ಹೈಡ್ರೋಜನ್ನಿನೊಳಗೆ ಅವರಿಗೆ ಕಂಡದ್ದು 18 ಮೂಲಕಣಗಳು. ನಮ್ಮ ಪ್ರೌಢಶಾಲೆಯ ಹುಡುಗಿಗೂ ಗೊತ್ತು, ಅಲ್ಲಿರುವುದು ಒಂದು ಪ್ರೋಟಾನು, ಒಂದು ಎಲೆಕ್ಟ್ರಾನು. ಆ ದೃಷ್ಟಿಯನ್ನು ನಾನು ನಂಬುವುದಿಲ್ಲ. ಆದರೆ ಅವರು ಸುಳ್ಳುಗಾರ್ತಿ ಎಂದೂ ನನಗನ್ನಿಸುವುದಿಲ್ಲ. ನಂಬಿದ್ದಕ್ಕೆ ಹೆಸರು, ಗೆಳೆಯರು, ಮಕ್ಕಳನ್ನೆಲ್ಲ ಪಣವಿಟ್ಟ ಮನುಷ್ಯರು ಅಪರೂಪ.

1893ರ ನವೆಂಬರಿನಲ್ಲಿ ಭಾರತಕ್ಕೆ ಬಂದವರು ಮುಂದಿನ ನಲವತ್ತು ವರ್ಷ ಇದನ್ನೇ ತಮ್ಮ ನಾಡೆಂದರು. 1898ರಲ್ಲಿ ಕಾಶಿಯಲ್ಲಿ ಸೆಂಟ್ರಲ್ ಹಿಂದೂ ಕಾಲೇಜು ಕಟ್ಟಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯ ಬೆಳೆದದ್ದು ಅದರ ಮೇಲೆ. 1915ರಲ್ಲಿ ನಮ್ಮ ಗಡಿಯಾಚೆಯ ಮದನಪಲ್ಲಿಯಲ್ಲಿ ಅವರ ಹೆಸರಿನ ಕಾಲೇಜು ಬಂತು. 1917ರಲ್ಲಿ ಜಾರ್ಜ್ ಅರುಂಡೇಲ್ ಜೊತೆ ಮದರಾಸಿನಲ್ಲಿ ಭಾರತೀಯ ಮಕ್ಕಳಿಗಾಗಿಯೇ ಸ್ಕೌಟ್ ಸಂಘ ಕಟ್ಟಿದರು, ಏಕೆಂದರೆ ಬ್ರಿಟಿಷರ ಸ್ಕೌಟ್ ದಳದಲ್ಲಿ ನಮ್ಮ ಹುಡುಗರಿಗೆ ಜಾಗವಿರಲಿಲ್ಲ. ದೊಡ್ಡಬಳ್ಳಾಪುರದ ಕೇಂದ್ರಕ್ಕೆ ಅವರ ಹೆಸರು ಯಾಕೆಂದು ಈಗ ಹುಡುಗಿಯರಿಗೆ ಹೇಳಬಹುದು. ಅದೇ ವರ್ಷ ಬ್ರಿಟಿಷ್ ಸರ್ಕಾರ ಅವರನ್ನು ಊಟಿಯಲ್ಲಿ ಬಂಧನದಲ್ಲಿಟ್ಟಿತು, ಅದೇ ವರ್ಷದ ಕೊನೆಗೆ ಕಲ್ಕತ್ತಾ ಕಾಂಗ್ರೆಸ್ಸಿಗೆ ಅವರು ಅಧ್ಯಕ್ಷೆಯಾದರು. ಬೆಂಗಳೂರಿನ ಬಸವನಗುಡಿಯಲ್ಲಿ ಅವರ ಪ್ರೇರಣೆಯಿಂದ ನ್ಯಾಷನಲ್ ಹೈಸ್ಕೂಲು ಶುರುವಾದದ್ದೂ 1917ರಲ್ಲೇ. ಮಂಗಳೂರಿನ ಬೆಸೆಂಟ್ ಹೆಣ್ಣುಮಕ್ಕಳ ಶಾಲೆ ಮರುವರ್ಷದ್ದು. ಅದರ ಮೊದಲ ಮುಖ್ಯಸ್ಥೆಯಾಗಿ ದುಡಿದವರು ಬೆಸೆಂಟರ ಒಡನಾಡಿ, ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್. ಎಪ್ಪತ್ತರ ವಯಸ್ಸಿನ ಒಬ್ಬ ಹೆಂಗಸು ಇಷ್ಟನ್ನೆಲ್ಲ ಹೊತ್ತದ್ದು ಎಂದು ನೆನೆದರೆ ಈಗಲೂ ಬೆರಗಾಗುತ್ತದೆ.

ಇಷ್ಟು ಶಾಲೆ ಯಾಕೆ? ಆತ್ಮ ಜನ್ಮಜನ್ಮಾಂತರ ಬೆಳೆಯುತ್ತ ಬರುತ್ತದೆ, ಕುಲ, ಬಣ್ಣ, ಮತ, ಲಿಂಗ ನೋಡದ ಭ್ರಾತೃತ್ವವೇ ಥಿಯಾಸಫಿಯ ಮೊದಲ ಗುರಿ ಎಂದು ಅವರು ನಂಬಿದ್ದರು. ಹಾಗಿದ್ದ ಮೇಲೆ ಯಾವ ಮಗುವೂ ಕೀಳಲ್ಲ. ಇಲ್ಲಿಯೇ ನನಗೆ ಅವರ ಮೇಲೆ ಸಿಟ್ಟೂ ಬರುತ್ತದೆ. 1909ರಲ್ಲಿ ಇಂಡಿಯನ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಅಸ್ಪೃಶ್ಯರೆನಿಸಿದವರ ಮಕ್ಕಳನ್ನು ಉಳಿದ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಕೂರಿಸಬಾರದೆಂದು, ಶುಚಿತ್ವದ ನೆವ ಹೇಳಿ, ಇದೇ ಬೆಸೆಂಟ್ ವಾದಿಸಿದರು. ಅಂಬೇಡ್ಕರರು 1945ರ ತಮ್ಮ ಪುಸ್ತಕದಲ್ಲಿ ಅದನ್ನು ಜನರ ಮುಂದಿಟ್ಟು ತರಾಟೆಗೆ ತೆಗೆದುಕೊಂಡರು. ಶುಚಿಯಾಗಿಲ್ಲದ ಮಗುವಿಗೆ ನೀರು, ಸೋಪು ಕೊಡುವುದು ಶಾಲೆಯ ಕೆಲಸ, ಬಾಗಿಲು ಹಾಕುವುದಲ್ಲ. ಲಂಡನ್ನಿನ ಕೊಳೆಗೇರಿಯ ಮಕ್ಕಳಿಗೆ ಊಟಕ್ಕಾಗಿ ಜಗಳವಾಡಿದವರಿಗೆ ಇದು ಹೊಳೆಯಲಿಲ್ಲವೆಂಬುದನ್ನು ಮುಚ್ಚಿಟ್ಟು ಅವರನ್ನು ಹೊಗಳಲು ನನಗೆ ಮನಸ್ಸಿಲ್ಲ. ಮುಂದೆ 1913ರ ಮದರಾಸು ಉಪನ್ಯಾಸಗಳಲ್ಲಿ ಬಾಲ್ಯವಿವಾಹ, ಜಾತಿಕಟ್ಟುಗಳ ವಿರುದ್ಧ ಗಟ್ಟಿಯಾಗಿ ಮಾತಾಡಿದರೆಂಬುದೂ ನಿಜ.

ಅವರು ತೆರೆದ ಬಾಗಿಲೊಳಗೆ ಆಮೇಲೆ ಯಾರು ಬಂದರು ನೋಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಂಬ ಹಳ್ಳಿ. ಅಲ್ಲಿನ ಬಡ ಮನೆಯ ಹುಡುಗ ನರಸಿಂಹಯ್ಯ 1935ರಲ್ಲಿ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಹೊರಟ. ರೈಲಿಗೆ ಕಾಸಿಲ್ಲ. ಬೆಂಗಳೂರಿನವರೆಗೆ ನಡೆದೇ ಬಂದ. ಶಿಬಿರದ ಹುಡುಗಿಯರಿಗೆ ನಾನು ಇದನ್ನು ಬಿಡಿಸಿ ಹೇಳುತ್ತಿದ್ದೆ; ಗೌರಿಬಿದನೂರಿನ ಹೆದ್ದಾರಿ ದೊಡ್ಡಬಳ್ಳಾಪುರ, ಯಲಹಂಕ ದಾಟಿಯೇ ಬೆಂಗಳೂರು ಸೇರುತ್ತದೆ, ಆ ದೂರ ಎಷ್ಟೆಂದು ಅವರ ಕಾಲಿಗೂ ಸ್ವಲ್ಪ ಗೊತ್ತಿತ್ತು. ಆ ಹುಡುಗನೇ ಮುಂದೆ ಎಚ್ಚೆನ್. 1942ರ ಚಳವಳಿಯಲ್ಲಿ ಜೈಲು ಕಂಡರು, ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು, ಮದುವೆಯಾಗದೆ ಹಾಸ್ಟೆಲಿನ ಕೋಣೆಯಲ್ಲೇ ಬದುಕಿದರು. ಹಿಂದುಳಿದ ಬಾಗೇಪಲ್ಲಿಗೂ ಕಾಲೇಜು ಒಯ್ದರು.

ಪರಮಾಣುವನ್ನು ಒಳಗಣ್ಣಿನಿಂದ ಕಂಡೆ ಎಂದವರ ಶಾಲೆಯಲ್ಲಿ ಓದಿದ ಹುಡುಗ ಪರಮಾಣುವನ್ನು ಪ್ರಯೋಗಾಲಯದಲ್ಲಿ ಕಲಿತು ಬಂದ. 1962ರಲ್ಲಿ ಅದೇ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಹುಟ್ಟಿತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಎಚ್ಚೆನ್ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿ, ಅದ್ಭುತ ಶಕ್ತಿ ಇದೆಯೆನ್ನುವವರು ಬಂದು ತೋರಿಸಲಿ ಎಂದು ಕರೆದರು. ಬೆಸೆಂಟರ ದಿವ್ಯದೃಷ್ಟಿಯೂ ಆ ಪರೀಕ್ಷೆಯ ಮುಂದೆ ನಿಲ್ಲಬೇಕಾಗುತ್ತಿತ್ತು. ಇದರಲ್ಲಿ ಅವರಿಗೆ ಅವಮಾನವೇನೂ ಇಲ್ಲವೆಂದು ನನ್ನ ಎಣಿಕೆ. ಪ್ರಶ್ನಿಸಿದವರನ್ನು ಅವರು ತಳ್ಳಿಹಾಕಿದವರಲ್ಲ. ತಾವು ಸಾಕಿ ಜಗದ್ಗುರುವೆಂದು ಸಾರಿದ್ದ ಮದನಪಲ್ಲಿಯ ಜಿಡ್ಡು ಕೃಷ್ಣಮೂರ್ತಿ, 1929ರಲ್ಲಿ ಅವರ ಕಣ್ಣೆದುರೇ ಆ ಪಟ್ಟವನ್ನೂ ಅದಕ್ಕಾಗಿ ಕಟ್ಟಿದ್ದ ಸಂಘವನ್ನೂ ಬಿಸಾಡಿದಾಗಲೂ ಬೆಸೆಂಟ್ ಆತನನ್ನು ದೂರ ಮಾಡಲಿಲ್ಲ. ಆಗ ಬೆಸೆಂಟರಿಗೆ 81 ವರ್ಷ. ನಾಲ್ಕು ವರ್ಷದ ನಂತರ ಅಡ್ಯಾರಿನಲ್ಲಿ ತೀರಿಕೊಂಡರು.