ಹೆಗಲಿಗೆ ಒರಗದ ಕೋವಿ

ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳ ಭರಾಟೆ. ಇಲ್ಲಿನ ನೆಲ್ಯಹುದಿಕೇರಿಯಲ್ಲಿ ಕುಳಿತು ಶೂಟಿಂಗ್ ವಿಡಿಯೊ ಗೇಮನ್ನು ಹೊಗಳಲು ಸ್ವಲ್ಪ ಧೈರ್ಯವೇ ಬೇಕು. ಆದರೂ 2007ರಲ್ಲಿ ನಿಂಟೆಂಡೊ ಕಂಪನಿಯ ‘ವೀ’ ಗೇಮ್ ಯಂತ್ರಕ್ಕೆ ಬಂದ ‘ಮೆಟ್ರಾಯ್ಡ್ ಪ್ರೈಮ್ 3: ಕರಪ್ಷನ್’ ಆಟದ ಗುರಿಗಾರಿಕೆಯನ್ನು ಕೋವಿ ಹಿಡಿದು ಪಳಗಿದವರೂ ಮೆಚ್ಚಿಯಾರು.

ಮಾಮೂಲಿ ಆಟಗಳಲ್ಲಿ ಹೆಬ್ಬೆರಳಿನಿಂದ ಪುಟ್ಟ ಕಡ್ಡಿ ತಳ್ಳಿ ಗುರಿ ಸರಿಸಬೇಕು. ಇಲ್ಲಿ ರಿಮೋಟನ್ನು ಟಿವಿಯತ್ತ ಚಾಚಿದರೆ ಸಾಕು. ಅದರ ಮೂತಿಯ ಕಪ್ಪು ಗಾಜಿನ ಹಿಂದೆ ಇನ್‌ಫ್ರಾರೆಡ್ ಕ್ಯಾಮೆರಾ ಇದೆ. ಟಿವಿಯ ಮೇಲಿಡುವ ಸಪೂರ ಪಟ್ಟಿಗೆ ‘ಸೆನ್ಸರ್ ಬಾರ್’ ಎಂಬ ಹೆಸರಿದ್ದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಎರಡು ತುದಿಗಳಿಂದ ಕಣ್ಣಿಗೆ ಕಾಣದ ಬೆಳಕು ಬೀರುತ್ತದೆ, ಅಷ್ಟೆ. ಕೈ ಎಡಕ್ಕೆ ಸರಿದರೆ ಆ ಚುಕ್ಕೆಗಳು ಕ್ಯಾಮೆರಾದೊಳಗೆ ಬಲಕ್ಕೆ ಜಾರುತ್ತವೆ, ಮಣಿಕಟ್ಟು ತಿರುಚಿದರೆ ಓರೆಯಾಗುತ್ತವೆ. ಗುರಿಯ ಲೆಕ್ಕವೆಲ್ಲ ಇಷ್ಟರಲ್ಲೇ. ಪಟ್ಟಿಯ ಬದಲು ಎರಡು ಮೇಣದಬತ್ತಿ ಹಚ್ಚಿಟ್ಟರೂ ಆಟ ನಡೆಯುತ್ತದೆ! ಹಾಗೆಯೇ ಕಿಟಕಿಯ ಬಿಸಿಲು, ಟಿವಿ ಪಕ್ಕದ ದೀಪ ಗುರಿ ಕೆಡಿಸುವುದೂ ಉಂಟು. ಕೊಡಗಿನ ಮಳೆಗಾಲದಲ್ಲಿ ಬಿಸಿಲಿನ ಕಾಟವಂತೂ ಇಲ್ಲ. ಕರೆಂಟ್ ಇರಬೇಕು ಅಷ್ಟೆ.

ನಿಜವಾದ ಕಷ್ಟ ಇರುವುದು ತಿರುಗುವುದರಲ್ಲಿ. ಕೋವಿ ಹಿಡಿದವನು ಮೈಯನ್ನೇ ತಿರುಗಿಸುತ್ತಾನೆ. ಇಲ್ಲಿ ಹಾಗೆ ತಿರುಗಿದರೆ ಕ್ಯಾಮೆರಾಗೆ ಪಟ್ಟಿಯೇ ಕಾಣದು. ಅದಕ್ಕೇ ಗುರಿಚಿಹ್ನೆಯನ್ನು ಪರದೆಯ ಅಂಚಿನತ್ತ ಒಯ್ದಾಗ ನೋಟ ಆ ಕಡೆ ತಿರುಗುವ ಏರ್ಪಾಡು. 2006ರ ‘ರೆಡ್ ಸ್ಟೀಲ್’ ಎಂಬ ವೀ ಆಟ ಮುಗ್ಗರಿಸಿದ್ದು ಇಲ್ಲೇ. ‘ಕರಪ್ಷನ್’ ರೂಪಿಸಿದ ಅಮೆರಿಕದ ರೆಟ್ರೊ ಸ್ಟುಡಿಯೋಸ್ ತಂಡ ಇದಕ್ಕೆ ಒಳ್ಳೆಯ ಉಪಾಯ ಹುಡುಕಿತು. ಕೈಯ ಚಲನೆಗೆ ನೋಟ ಎಷ್ಟು ಚುರುಕಾಗಿ ತಿರುಗಬೇಕೆಂದು ಆಡುವವರೇ ಆರಿಸಿಕೊಳ್ಳಬಹುದು. ಎಡಗೈಯಲ್ಲಿ ಹಿಡಿಯುವ ‘ನನ್‌ಚಕ್’ ಎಂಬ ಜೋಡಿ ನಿಯಂತ್ರಕದ ಗುಂಡಿ ಒತ್ತಿ ಹಿಡಿದರೆ ನೋಟ ವೈರಿಯ ಮೇಲೆ ನೆಡುತ್ತದೆ. ಸೆಟ್ಟಿಂಗ್ ಬದಲಿಸಿಕೊಂಡರೆ ಆಗಲೂ ಗುರಿ ಬಲಗೈಯಲ್ಲೇ ಸ್ವತಂತ್ರ. ವೈರಿಯ ಸುತ್ತ ಸುತ್ತುತ್ತಲೇ ಅವನ ತಲೆಗೋ ಕಾಲಿಗೋ ಹೊಡೆಯಬಹುದು. ಎಡಗೈ ಮುಂದಕ್ಕೆ ಬೀಸಿ ಹಿಂದಕ್ಕೆ ಜಗ್ಗಿದರೆ ಅವನ ಗುರಾಣಿ ಕಿತ್ತು ಬರುತ್ತದೆ. ಇಡೀ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ.

ಕೊರತೆಗಳಿಲ್ಲವೆಂದಲ್ಲ. ಬಾಗಿಲುಗಳು ತೆರೆಯಲು ಕೆಲವೊಮ್ಮೆ ಸತಾಯಿಸುತ್ತವೆ. ಗೆಳೆಯನ ಜತೆ ಪೈಪೋಟಿಗೆ ಆಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೋವಿಯ ಹಿಂಬದಿ ಹೆಗಲಿಗೆ ಒತ್ತಿ ನಿಲ್ಲುವುದರಿಂದಲೇ ಗುರಿ ಸ್ಥಿರ. ಗಾಳಿಯಲ್ಲಿ ಚಾಚಿದ ರಿಮೋಟಿಗೆ ಅಂಥ ಆಸರೆ ಎಲ್ಲಿ? ಹೊತ್ತು ಕಳೆದಂತೆ ಕೈ ಸೋಲುತ್ತದೆ, ಗುರಿ ನಡುಗುತ್ತದೆ. ಸೋಫಾದಲ್ಲಿ ಕುಳಿತು ಮೊಣಕೈಯನ್ನು ತೊಡೆಗೆ ಊರಿಕೊಂಡರೆ ನಡುಕ ಎಷ್ಟೋ ಇಳಿಯುತ್ತದೆ.